ಬಾರದ ಹಲ್ಲಿಗೆ ಹೊಲಿಗೆಯನ್ನು ದೂರಬೇಡಿ

ಪ್ರಶ್ನೆ: ನಮ್ಮ ಮಗಳಿಗೆ ಹುಟ್ಟಿನಿಂದ ಸೀಳುತುಟಿ ಇತ್ತು. ನಾಲ್ಕು ತಿಂಗಳಿಗೆ ಶಸ್ತ್ರಚಿಕಿತ್ಸೆ ಮಾಡಿಸಿದೆವು. ಈಗ ಒಂಬತ್ತು ವರ್ಷ. ಅದೇ ಬದಿಯಲ್ಲಿ ಮೇಲಿನ ಒಂದು ಹಲ್ಲು ಬಂದೇ ಇಲ್ಲ. ಹೊಲಿಯುವಾಗ ಹಲ್ಲಿನ ಬೇರು ಕಿತ್ತುಹೋಗಿರಬಹುದೇ?

ಉತ್ತರ: ಇಲ್ಲ. ಇದೇ ಪ್ರಶ್ನೆಗೆ ಎಷ್ಟು ಬಾರಿ ‘ಇಲ್ಲ’ ಎಂದು ಬರೆದಿದ್ದೇನೋ, ಲೆಕ್ಕ ಇಡುವುದನ್ನು ಬಿಟ್ಟಿದ್ದೇನೆ.

ನೀವು ಹೇಳದಿದ್ದರೂ ಊಹಿಸಬಲ್ಲೆ: ಬಾರದಿರುವುದು ಮಧ್ಯದ ಬಾಚಿಹಲ್ಲಿಗೂ ಕೋರೆಹಲ್ಲಿಗೂ ನಡುವಿನದು. ಸೀಳು ಹಾದುಹೋಗುವ ದಾರಿಯೇ ಅದು. ಗರ್ಭದ ಆರು, ಏಳನೆಯ ವಾರದ ಹೊತ್ತಿಗೆ ಮೂಗಿನ ಕಡೆಯ ಅಂಗಾಂಶವೂ ಮೇಲ್ದವಡೆಯ ಕಡೆಯದೂ ಬೆಸೆದು ಮೇಲ್ದುಟಿಯಾಗುತ್ತದೆ. ಹಲ್ಲುಗಳ ಮೊಳಕೆಗೆ ಪಾತಿ ಸಿದ್ಧವಾಗುವುದೂ ಸುಮಾರು ಆಗಲೇ. ಬೆಸುಗೆ ಕೂಡದ ಕಡೆ ಮೊಳಕೆಗೆ ನೆಲೆ ಸಿಗುವುದಿಲ್ಲ. ವೈದ್ಯರು ಸೂಜಿ ಹಿಡಿಯುವ ತಿಂಗಳುಗಳ ಮೊದಲೇ ತೊಡಕು ಶುರುವಾಗಿರುತ್ತದೆ.

ಇನ್ನೂ ನಂಬಿಕೆ ಬರಲಿಲ್ಲವೇ? ಶಸ್ತ್ರಚಿಕಿತ್ಸೆಯನ್ನೇ ಮಾಡಿಸಿಕೊಳ್ಳದೆ ಬೆಳೆದವರಲ್ಲೂ ಇದೇ ಹಲ್ಲು ಇಲ್ಲದಿರುವುದುಂಟು. ಕೆಲವರಿಗೆ ಸೀಳಿನಿಂದ ದೂರದಲ್ಲಿರುವ, ಕತ್ತರಿ ಸುಳಿಯದ ಜಾಗದ ಎರಡನೆಯ ಮುಂದವಡೆ ಹಲ್ಲೂ (ದೊಡ್ಡ ದವಡೆಹಲ್ಲಿನ ಮುಂದಿನ ಚಿಕ್ಕ ಹಲ್ಲು) ಇರುವುದಿಲ್ಲ. ಮತ್ತೆ ಕೆಲವು ಮಕ್ಕಳಲ್ಲಿ ಸೀಳಿನ ಪಕ್ಕ ಒಂದು ಹಲ್ಲು ಹೆಚ್ಚೇ ಇರುತ್ತದೆ. ಹೊಲಿಗೆ ಹಲ್ಲು ಕಿತ್ತಿತು ಎನ್ನುವವರು ಈ ಹೆಚ್ಚುವರಿ ಹಲ್ಲನ್ನು ಯಾವ ಹೊಲಿಗೆ ನೆಟ್ಟಿತೆಂದು ಹೇಳಲಿ! ಗೂಟದಂಥ ಚಿಕ್ಕ ಹಲ್ಲು, ತೆಳುವಾದ ಎನಾಮೆಲ್, ತಿರುಚಿಕೊಂಡ ಬಾಚಿಹಲ್ಲು ಇವೂ ಸಾಮಾನ್ಯ.

ಶಸ್ತ್ರಚಿಕಿತ್ಸೆಯ ಮೇಲೆ ಹೊರಿಸಬಹುದಾದ ಮಾತು ಬೇರೆ ಇದೆ. ತುಟಿಯ ಜೊತೆ ಅಂಗುಳವೂ ಸೀಳಿದ್ದವರಲ್ಲಿ, ಅದನ್ನು ಹೊಲಿದ ಗಾಯದ ಕಲೆ ಬಿಗಿದು ಮೇಲ್ದವಡೆಯ ಬೆಳವಣಿಗೆಯನ್ನು ತುಸು ತಡೆಯಬಹುದು. ಆಗ ಹಲ್ಲುಗಳು ಇಕ್ಕಟ್ಟಾಗುತ್ತವೆ, ಮೇಲಿನ ಸಾಲು ಕೆಳಗಿನದರ ಒಳಗೆ ಕೂರುತ್ತದೆ. ಹಲ್ಲು ಹುಟ್ಟದಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ.

ಹಾಗೆಂದು ಹುಟ್ಟಿಯೇ ಇಲ್ಲ ಎಂದು ಎಕ್ಸ್‌ರೇ ನೋಡದೆ ತೀರ್ಮಾನಿಸಬೇಡಿ. ಸೀಳಿನ ಬದಿಯ ಹಲ್ಲುಗಳು ತಡವಾಗಿ ಬೆಳೆಯುತ್ತವೆ, ಕೆಲವು ಅಡ್ಡದಾರಿ ಹಿಡಿದು ಒಳಗೇ ಸಿಕ್ಕಿಕೊಂಡಿರುತ್ತವೆ.

ನೀವು ಕೇಳಲಿಲ್ಲ, ಆದರೆ ಕೇಳಬೇಕಾಗಿದ್ದದ್ದು ಕೋರೆಹಲ್ಲಿನ ವಿಷಯ. ಸೀಳು ವಸಡಿನ ಮೂಳೆಯವರೆಗೂ ಹೋಗಿದ್ದರೆ ಆ ಹಲ್ಲಿಗೆ ಇಳಿಯಲು ನೆಲವೇ ಇರುವುದಿಲ್ಲ. ಸಾಮಾನ್ಯವಾಗಿ 8ರಿಂದ 11 ವರ್ಷದೊಳಗೆ, ಕೋರೆಹಲ್ಲು ಹೊರಬರುವ ಮೊದಲು, ಸೊಂಟದ ಮೂಳೆಯಿಂದ ಒಂದಿಷ್ಟು ತೆಗೆದು ಆ ಬಿರುಕಿಗೆ ತುಂಬುತ್ತಾರೆ. ಕೋರೆಹಲ್ಲು ಆ ಹೊಸ ಮೂಳೆಯ ಮೂಲಕವೇ ಇಳಿದು ಬರುತ್ತದೆ. ಎಷ್ಟೋ ಬಾರಿ ಅದನ್ನೇ ತಂತಿ ಕಟ್ಟಿ ಮುಂದಕ್ಕೆ ಸರಿಸಿ, ಆಕಾರ ತಿದ್ದಿ, ಬಾರದ ಹಲ್ಲಿನ ಜಾಗದಲ್ಲಿ ನಿಲ್ಲಿಸುವುದುಂಟು. ನಿಮ್ಮ ಮಗಳಿಗೆ ಒಂಬತ್ತಾಯಿತು. ಈ ಮಾತನ್ನು ದಂತವೈದ್ಯರ ಬಳಿ ಈಗಲೇ ಎತ್ತಿ.