ಸೆಂಟ್ ಲೆಕ್ಕ ಬರುತ್ತದೆ, ದಶಮಾಂಶ ಯಾಕೆ ಬರಲ್ಲ?

ಕೊಡಗಿನ ಕಾಫಿ ತೋಟಗಳಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟ್‌ಗಳಲ್ಲೇ ಅಳೆಯುತ್ತಾರೆ. ಇಂಚಿನ ನೂರರಲ್ಲಿ ಒಂದು ಪಾಲು ಒಂದು ಸೆಂಟ್. ಕಾಫಿ ಗಿಡ ಹೂ ಬಿಡಲು ಬೇಕಾದ ಹೂಮಳೆ ಬಿದ್ದ ಮರುದಿನ "ನಿಮ್ಮಲ್ಲಿ ಎಷ್ಟು ಸೆಂಟ್?" ಎಂಬ ವಿಚಾರಣೆ ಊರೆಲ್ಲ ಓಡಾಡುತ್ತದೆ. ಮಳೆಮಾಪಕ ನೋಡಿ ಗೊತ್ತಿರುವ ಮಗುವಿಗೆ 1 ಇಂಚು 40 ಸೆಂಟ್ ಅನ್ನುವುದು 1 ಇಂಚು 35 ಸೆಂಟ್‌ಗಿಂತ ಜಾಸ್ತಿ ಅಂತ ಯಾರೂ ಹೇಳಿಕೊಡಬೇಕಿಲ್ಲ. ಅದೇ ಮಗುವನ್ನು ತರಗತಿಯಲ್ಲಿ ನಿಲ್ಲಿಸಿ, 1.4 ದೊಡ್ಡದೋ 1.35 ದೊಡ್ಡದೋ ಅಂತ ಕೇಳಿ. "35 ದೊಡ್ಡದಲ್ವಾ?" ಅಂದರೆ ಆಶ್ಚರ್ಯ ಬೇಡ. ದಶಮಾಂಶ ಕಲಿಯುವ ಮಕ್ಕಳು ಹಲವು ದೇಶಗಳಲ್ಲಿ ಇಲ್ಲೇ ಎಡವುತ್ತಾರೆ.

ಲೆಕ್ಕ ಒಂದೇ, ತಲೆಯೂ ಒಂದೇ. ಆದರೂ ಅಂಗಳದಲ್ಲಿ ಬಂದದ್ದು ತರಗತಿಗೆ ಬರಲಿಲ್ಲ. ಶಾಲೆಯ ಸರ್ಟಿಫಿಕೇಟಿನಲ್ಲಿ ಪಾಠದ ಅಂಕದ ಜೊತೆ ಸಮಸ್ಯೆ ಬಿಡಿಸುವುದು, ವಿಷಯ ತಿಳಿಸಿ ಹೇಳುವುದು, ಜೊತೆಗೂಡಿ ದುಡಿಯುವುದು ಮುಂತಾದ ಎಲ್ಲ ಕೆಲಸಕ್ಕೂ ಬೇಕಾದ ಕೌಶಲಗಳೂ ಕಾಣಬೇಕು ಎಂದು ಎಷ್ಟೋ ದೇಶಗಳು ಹೊರಟಿವೆ. ಅವೆಲ್ಲ ತಡವರಿಸಿದ್ದು ಇದೇ ಜಾಗದಲ್ಲಿ: ಒಂದು ಕಡೆ ಕಲಿತದ್ದು ತಾನಾಗಿ ಇನ್ನೊಂದು ಕಡೆಗೆ ದಾಟುವುದಿಲ್ಲ.

ಇದು ಹಳೇ ಪ್ರಶ್ನೆ. 1901ರಲ್ಲೇ ಥಾರ್ನ್‌ಡೈಕ್ ಮತ್ತು ವುಡ್‌ವರ್ತ್ ಎಂಬ ಮನೋವಿಜ್ಞಾನಿಗಳು, ಒಂದು ಕೆಲಸದಲ್ಲಿ ಪಳಗಿದ ಮಾತ್ರಕ್ಕೆ ಇನ್ನೊಂದು ಕೆಲಸ ಸುಲಭವಾಗುವುದಿಲ್ಲ ಎಂದು ತೋರಿಸಿದ್ದರು. 2025ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬಂದ ಅಧ್ಯಯನ ನಮ್ಮ ದೇಶದ್ದೇ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಕೋಲ್ಕತಾ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಪರೀಕ್ಷಿಸಿದರು. ತೂಕ, ದರ, ಚಿಲ್ಲರೆ ಎಲ್ಲವನ್ನೂ ಬಾಯಲ್ಲೇ ಹೇಳುವ ಮಕ್ಕಳು ಅವರು. ಅಷ್ಟೇ ಕಷ್ಟದ, ಕೆಲವೊಮ್ಮೆ ಅದಕ್ಕಿಂತ ಸುಲಭದ ಲೆಕ್ಕವನ್ನು ಶಾಲೆಯ ರೀತಿಯಲ್ಲಿ ಕೊಟ್ಟಾಗ ಸೋತರು. ನನಗೆ ಹೆಚ್ಚು ಚುಚ್ಚಿದ್ದು ಇದರ ಇನ್ನೊಂದು ಮುಖ. ಹತ್ತಿರದ ಶಾಲೆಗಳಲ್ಲಿ ಓದುವ, ವ್ಯಾಪಾರ ಗೊತ್ತಿಲ್ಲದ 471 ಮಕ್ಕಳು ಶಾಲೆಯ ಸರಳ ಲೆಕ್ಕ ಚೆನ್ನಾಗಿ ಮಾಡಿದರು. ಆದರೆ ದುಡಿಯುವ ಮಕ್ಕಳಲ್ಲಿ ಮೂರರಲ್ಲೊಂದು ಪಾಲಿಗಿಂತ ಹೆಚ್ಚು ಮಂದಿ ಬಿಡಿಸಿದ ಒಂದು ಅಂಗಡಿ ಲೆಕ್ಕ ಇವರಲ್ಲಿ ಬಂದದ್ದು ಶೇಕಡಾ 1ರಷ್ಟು ಮಂದಿಗೆ ಮಾತ್ರ. ಅಂದರೆ ಶಾಲೆಯ ಲೆಕ್ಕವೂ ಸಂತೆಗೆ ಹೋಗುವುದಿಲ್ಲ.

ಹಾಗಾದರೆ ದಾಟಿಸುವುದು ಹೇಗೆ? ಮನೋವಿಜ್ಞಾನಿಗಳಾದ ಗಿಕ್ ಮತ್ತು ಹೋಲಿಯೋಕ್ ಅವರ 1980ರ ಪ್ರಯೋಗದಲ್ಲಿ ಒಂದು ಸುಳಿವು ಇದೆ. ಹೊಟ್ಟೆಯ ಗೆಡ್ಡೆಯನ್ನು ಕಿರಣದಿಂದ ಸುಡಬೇಕು, ಸುತ್ತಲಿನ ಒಳ್ಳೆಯ ಭಾಗಕ್ಕೆ ಏಟಾಗಬಾರದು. ಹೇಗೆ? ಈ ಒಗಟನ್ನು ತಾವಾಗಿಯೇ ಬಿಡಿಸಿದವರು ಹತ್ತರಲ್ಲಿ ಒಬ್ಬರಷ್ಟು. ಕೆಲವರಿಗೆ ಮೊದಲೇ ಒಂದು ಕಥೆ ಓದಿಸಿದ್ದರು: ಸೇನಾಪತಿಯೊಬ್ಬ ಸೈನ್ಯವನ್ನು ಸಣ್ಣ ತುಕಡಿಗಳಾಗಿ ಒಡೆದು, ಬೇರೆ ಬೇರೆ ದಾರಿಯಿಂದ ಒಂದೇ ಹೊತ್ತಿಗೆ ಕೋಟೆ ಸೇರಿಸುತ್ತಾನೆ. ಉತ್ತರ ಅದರಲ್ಲೇ ಇತ್ತು, ಸಣ್ಣ ಸಣ್ಣ ಕಿರಣಗಳನ್ನು ಹಲವು ಕಡೆಯಿಂದ ಬಿಟ್ಟರಾಯಿತು. ಆದರೂ ಗೆದ್ದವರು ಹತ್ತರಲ್ಲಿ ಮೂವರಷ್ಟೇ. "ಆ ಕಥೆ ನೆನಪು ಮಾಡಿಕೊಳ್ಳಿ" ಅಂದ ಮೇಲೆ ಹತ್ತರಲ್ಲಿ ಏಳೆಂಟು ಜನ ಬಿಡಿಸಿದರು. ಮುಂದೆ ಅವರೇ ಕಂಡುಕೊಂಡಂತೆ, ಒಂದೇ ಹೂರಣದ ಎರಡು ಕಥೆ ಕೊಟ್ಟು ಹೋಲಿಸಲು ಹೇಳಿದರೆ ದಾಟುವುದು ಇನ್ನಷ್ಟು ಸುಲಭ.

ಸರ್ಟಿಫಿಕೇಟ್ ರೂಪಿಸಿದವರಿಗೆ ಈ ವಿಷಯ ಮೊದಲು ಅಷ್ಟು ಹಿಡಿಸಲಿಲ್ಲ. ಅವರು ಪಟ್ಟಿ ಮಾಡಿದರು. 1992ರಲ್ಲಿ ಆಸ್ಟ್ರೇಲಿಯಾದಲ್ಲಿ ಮೇಯರ್ ಎಂಬುವರ ನೇತೃತ್ವದ ಸಮಿತಿ ಏಳು ಸಾಮರ್ಥ್ಯಗಳನ್ನು ಹೆಸರಿಸಿತು. 1993ರಲ್ಲಿ ನ್ಯೂಜಿಲೆಂಡ್ ಕೌಶಲಗಳ ಎಂಟು ಗುಂಪು ಮಾಡಿತು, 2007ರಲ್ಲಿ ಅದನ್ನು ಐದಕ್ಕೆ ಇಳಿಸಿತು. ಕೊನೆಗೆ 2024ರಿಂದ ಅಲ್ಲಿನ ಶಾಲಾ ಅರ್ಹತೆಗೆ ಕಡ್ಡಾಯವಾಗಿ ಉಳಿದದ್ದು ಓದು, ಬರಹ, ಲೆಕ್ಕ ಮಾತ್ರ. ಅಳೆಯಲು ಬಂದದ್ದು ಉಳಿಯಿತು, ಅಷ್ಟೆ. ಇಂಗ್ಲೆಂಡಿನಲ್ಲಿ ಶಿಕ್ಷಕರೇ ಕೊಡುತ್ತಿದ್ದ ಮಾತುಗಾರಿಕೆಯ ಅಂಕವನ್ನು 2014ರಿಂದ ಇಂಗ್ಲಿಷ್ ಗ್ರೇಡಿನಿಂದ ಹೊರಗಿಟ್ಟು ಬೇರೆಯಾಗಿ ನಮೂದಿಸಲು ಶುರು ಮಾಡಿದರು. ಶಾಲೆಯಿಂದ ಶಾಲೆಗೆ ಅಂಕ ಒಂದೇ ಹದದಲ್ಲಿರಲಿಲ್ಲ ಎಂಬುದು ಕಾರಣ. ನಮ್ಮ ಸಿಬಿಎಸ್‌ಇ ಕೂಡ 2009ರಿಂದ ಜೀವನ ಕೌಶಲಕ್ಕೆ ಗ್ರೇಡ್ ಕೊಡುತ್ತಿತ್ತು; 2017ರಲ್ಲಿ ಆ ವ್ಯವಸ್ಥೆಯನ್ನೇ ಕೈಬಿಟ್ಟಿತು. ಹದಿಹರೆಯದ ಹುಡುಗಿಯ 'ಭಾವನಾತ್ಮಕ ಕೌಶಲ'ಕ್ಕೆ ಗ್ರೇಡ್ ಹಾಕಲು ಕೂತ ಮೇಷ್ಟ್ರ ಸ್ಥಿತಿ ನೆನೆದರೆ ಪಾಪ ಅನಿಸುತ್ತದೆ.

ನನ್ನ ಮಾತು ಇಷ್ಟೇ. ಕೌಶಲಕ್ಕೆ ಬೇರೆ ಕಾಲಂ ಬೇಡ. ಗಣಿತದ ಕೌಶಲ ಗಣಿತದ ಪ್ರಶ್ನೆಯಲ್ಲೇ ಇರಲಿ, ಆದರೆ ಒಂದೇ ಲೆಕ್ಕ ಬೇರೆ ಬೇರೆ ವೇಷದಲ್ಲಿ ಬರಲಿ.

ಎಸ್‌ಎಸ್‌ಎಲ್‌ಸಿಯಲ್ಲಿ ಇದಕ್ಕೆ ಜಾಗ ಈಗಾಗಲೇ ಇದೆ. ಒಟ್ಟು ಅಂಕದಲ್ಲಿ ಐದರಲ್ಲೊಂದು ಪಾಲು ಶಾಲೆಯಲ್ಲೇ ಕೊಡುವ ಆಂತರಿಕ ಅಂಕ. ಕಾಫಿ ಔಟ್‌ಟರ್ನನ್ನೇ ತೆಗೆದುಕೊಳ್ಳಿ. ಒಣಗಿಸಿದ ಕಾಫಿ ಹಣ್ಣಿನ, ಅಂದರೆ ಚೆರಿಯ, 50 ಕೆ.ಜಿ. ಮೂಟೆಯಿಂದ ಸಿಪ್ಪೆ ತೆಗೆದ ಮೇಲೆ 27 ಕೆ.ಜಿ. ಬೀಜ ಸಿಕ್ಕರೆ ಔಟ್‌ಟರ್ನ್ 27. ವ್ಯಾಪಾರಿ ಸ್ಯಾಂಪಲ್ ಒಡೆಸಿ, ತೂಗಿ, ಅದರ ಮೇಲೆ ದರ ಕಟ್ಟುತ್ತಾನೆ. ಇದು ಶೇಕಡಾವಾರು ಲೆಕ್ಕವೇ, ನೂರರ ಬದಲು ಐವತ್ತಕ್ಕೆ. ಶೇಕಡಾ 54 ಅಂತ ಮಗು ತಾನೇ ಬರೆದು, ತೋಟದ ಲೆಕ್ಕವನ್ನೂ ಪುಸ್ತಕದ ಲೆಕ್ಕವನ್ನೂ ಅಕ್ಕಪಕ್ಕ ಇಟ್ಟು, ಎರಡರಲ್ಲಿ ಒಂದೇ ಆಗಿರುವುದು ಏನು ಅಂತ ವಿವರಿಸಲಿ. ಗಿಕ್ ಮತ್ತು ಹೋಲಿಯೋಕ್ ಅವರ ಎರಡು ಕಥೆಯ ಉಪಾಯ ಇದೇ.

ಒಂದು ಎಚ್ಚರಿಕೆ ಬೇಕು. ಔಟ್‌ಟರ್ನ್ ಲೆಕ್ಕ ತೋಟದ ಯಜಮಾನರ ಮನೆಯಲ್ಲಿ ದಿನದ ಮಾತು. ತೋಟದ ಕೂಲಿಕಾರರು ಇರುವ ಲೈನ್ ಮನೆಯ ಮಗುವಿಗೆ ಗೊತ್ತಿರುವುದು ಬೇರೆ: ಅಮ್ಮ ಕೊಯ್ದ ಹಣ್ಣು ಎಷ್ಟು ಕೆ.ಜಿ., ಕೆ.ಜಿ.ಗೆ ಎಷ್ಟು, ವಾರಕ್ಕೆ ಕೈಗೆಷ್ಟು. ಪ್ರಶ್ನೆಯಲ್ಲಿ ಒಬ್ಬರದೇ ಅನುಭವ ಇದ್ದರೆ ಅಳೆದದ್ದು ಕೌಶಲವಲ್ಲ, ಹುಟ್ಟಿದ ಮನೆ. ಎರಡೂ ಇರಲಿ, ಇಬ್ಬರಿಗೂ ಹೊಸದಾದ ಮೂರನೆಯದೂ ಇರಲಿ.

ಇನ್ನು ಅಂಕ ನಂಬುವಂತಿರಬೇಕಲ್ಲ? ತನ್ನ ಶಾಲೆಯ ಫಲಿತಾಂಶ ಚೆನ್ನಾಗಿರಲಿ ಅನ್ನುವ ಆಸೆ ಯಾವ ಮೇಷ್ಟ್ರಿಗೆ ಇರಲ್ಲ? ನ್ಯೂಜಿಲೆಂಡಿನಲ್ಲಿ ಶಾಲೆ ಕೊಟ್ಟ ಅಂಕದ ಒಂದಷ್ಟು ಮಾದರಿಯನ್ನು ಹೊರಗಿನವರು ಮತ್ತೆ ನೋಡುತ್ತಾರೆ. ಕೊಡಗಿನಲ್ಲಿ ಇರುವುದೇ ಐದು ತಾಲ್ಲೂಕು. ಸೋಮವಾರಪೇಟೆಯ ಕೆಲವು ಪ್ರಾಜೆಕ್ಟ್ ವಿರಾಜಪೇಟೆಗೆ, ಅಲ್ಲಿಯವು ಪೊನ್ನಂಪೇಟೆಗೆ ಹೋಗಲಿ. ಮಗುವಿನ ಹೆಸರು, ಶಾಲೆಯ ಹೆಸರು, ಮೊದಲು ಕೊಟ್ಟ ಅಂಕ ಮೂರನ್ನೂ ಮುಚ್ಚಿ ಕಳಿಸಿದರೆ ಸಾಕು.