ಫ್ಲ್ಯಾಟ್ ಮಾರುವಾಗ ಕೇಳುವ ಫೈರ್ ಎನ್‌ಓಸಿ: ಈ ಕಾಗದ ಎಲ್ಲಿಂದ ಬಂತು?

ಹುಬ್ಬಳ್ಳಿ-ಧಾರವಾಡದಲ್ಲಿ ಹಳೇ ಫ್ಲ್ಯಾಟ್ ಮಾರಲು ಹೊರಟವರ ಫೈಲ್ ತೆಗೆದು ನೋಡಿ. ಖರೀದಿ ಪತ್ರ ಇರುತ್ತದೆ. ಉತಾರ (ಆಸ್ತಿಯ ದಾಖಲೆ), ಇಸಿ (ಋಣಭಾರ ಪತ್ರ), ಪಾಲಿಕೆ ತೆರಿಗೆಯ ರಸೀದಿ, ಹೆಸ್ಕಾಂ ಬಿಲ್ಲು, ಅಸೋಸಿಯೇಷನ್ ಕೊಟ್ಟ ನೋ ಡ್ಯೂ ಪತ್ರ, ಎಲ್ಲವೂ ಇರುತ್ತವೆ. ಸಂಚಕಾರ ಪತ್ರ (ಮಾರಾಟದ ಕರಾರು) ಆಗುತ್ತದೆ, ಮುಂಗಡ ಕೈಗೆ ಬರುತ್ತದೆ. ಆಮೇಲೆ ಕೊಳ್ಳುವವರು ಸಾಲಕ್ಕೆ ಹೋದಾಗ ಬ್ಯಾಂಕಿನ ವಕೀಲರು ಕೇಳುತ್ತಾರೆ: ಓಸಿ (ಕಟ್ಟಡದಲ್ಲಿ ವಾಸಕ್ಕೆ ಪಾಲಿಕೆ ಕೊಡುವ ಅನುಮತಿ) ಎಲ್ಲಿ? ಫೈರ್ ಎನ್‌ಓಸಿ (ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರ) ಎಲ್ಲಿ? ಬಿಲ್ಡರ್‌ಗೆ ಫೋನ್ ಹೋಗುತ್ತದೆ. “ಆಗೆಲ್ಲ ಇದನ್ನ ಯಾರೂ ಕೇಳ್ತಿರಲಿಲ್ರೀ” ಅನ್ನುವ ಉತ್ತರ ಬರುತ್ತದೆ.

ಕೇಳುತ್ತಿರಲಿಲ್ಲ ಅನ್ನೋದು ಬಹುಮಟ್ಟಿಗೆ ನಿಜ. ಬೇಕಾಗಿಯೇ ಇರಲಿಲ್ಲ ಅನ್ನೋದು ಕೆಲವು ಕಟ್ಟಡಗಳಿಗೆ ಮಾತ್ರ ನಿಜ. ನಿಮ್ಮ ಕಟ್ಟಡ ಯಾವ ಗುಂಪಿನದು ಅಂತ ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಭಾಗ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. ಉತಾರ, ಸಿಟಿ ಸರ್ವೆ ನಂಬರ್, ಖರೀದಿ ಪತ್ರ ಅನ್ನುವ ರೂಢಿಯೆಲ್ಲ ಆ ಕಾಲದ್ದು. ಈ ದಾಖಲೆಗಳು ಹೇಳುವುದು ಒಂದೇ ವಿಷಯ: ಆಸ್ತಿ ಯಾರದು. ಅದರ ಮೇಲೆ ನಿಂತ ಕಟ್ಟಡ ಹೇಗಿದೆ ಅನ್ನೋದು ಬೇರೆಯವರ ಲೆಕ್ಕ. 1962ರಲ್ಲಿ ಎರಡೂ ಊರು ಸೇರಿ ಒಂದೇ ಮಹಾನಗರ ಪಾಲಿಕೆ ಆಯಿತು. 1964ರಲ್ಲಿ ರಾಜ್ಯದ ಅಗ್ನಿಶಾಮಕ ಕಾಯ್ದೆ ಬಂತು. 1970ರಲ್ಲಿ ಮೊದಲ ರಾಷ್ಟ್ರೀಯ ಕಟ್ಟಡ ಸಂಹಿತೆ ಪ್ರಕಟವಾಯಿತು. ಆದರೆ ಅದು ಮಾದರಿ ನಿಯಮಗಳ ಪುಸ್ತಕ, ತಾನಾಗಿಯೇ ಕಾನೂನಲ್ಲ. 1972ರ ಅಪಾರ್ಟ್‌ಮೆಂಟ್ ಕಾಯ್ದೆ ಮತ್ತೆ ಮಾಲೀಕತ್ವದ ಬಗ್ಗೆಯೇ ಮಾತಾಡಿತು. ಕಟ್ಟಡ ಮುಗಿದ ಮೇಲೆ ಪಾಲಿಕೆಯ ಅನುಮತಿ ಇಲ್ಲದೆ ವಾಸ ಮಾಡುವಂತಿಲ್ಲ ಅನ್ನುವ ಮಾತು 1976ರ ಮಹಾನಗರ ಪಾಲಿಕೆ ಕಾಯ್ದೆಯ 310ನೇ ಸೆಕ್ಷನ್‌ನಲ್ಲಿದೆ. ನಾವು ಓಸಿ ಅನ್ನೋದರ ಬೇರು ಅಲ್ಲೇ ಇದೆ. ಅಂದರೆ ಸುಮಾರು ಅರ್ಧ ಶತಮಾನದಿಂದ ನಿಯಮ ಇದೆ. ಓಸಿ ಇಲ್ಲದೆ ಗೃಹಪ್ರವೇಶ ಮಾಡಿದ ಮನೆಗಳೂ ಅಷ್ಟೇ ಕಾಲದಿಂದ ಇವೆ!

ಕಟ್ಟಡ ಸಂಹಿತೆ 15 ಮೀಟರ್ ಮತ್ತು ಅದಕ್ಕಿಂತ ಎತ್ತರದ್ದನ್ನು ಬಹುಮಹಡಿ ಕಟ್ಟಡ ಅಂತ ಕರೆಯುತ್ತದೆ. ನಮ್ಮೂರಿನ ಹಳೇ ಅಪಾರ್ಟ್‌ಮೆಂಟ್‌ಗಳ ಕಥೆ ಈ ಒಂದು ಅಳತೆಯಲ್ಲಿ ಅಡಗಿದೆ. ವಿದ್ಯಾನಗರ, ಕೇಶ್ವಾಪುರ, ಸಪ್ತಾಪುರದ ಕಡೆ ಓಡಾಡಿದರೆ ಗೊತ್ತಾಗುತ್ತದೆ. ಕೆಳಗೆ ಪಾರ್ಕಿಂಗ್, ಮೇಲೆ ಮೂರು ಅಥವಾ ನಾಲ್ಕು ಅಂತಸ್ತು. ಇಂಥವು ಸಾಮಾನ್ಯವಾಗಿ 15 ಮೀಟರ್ ಒಳಗೇ ಮುಗಿಯುತ್ತವೆ. ಆ ಎತ್ತರಕ್ಕೆ ಬಹುಮಹಡಿ ಕಟ್ಟಡದ ಎನ್‌ಓಸಿ ಪ್ರಶ್ನೆಯೇ ಬರುತ್ತಿರಲಿಲ್ಲ. ಬಿಲ್ಡರ್‌ಗೆ ಅದೊಂದು ಅನುಕೂಲವೂ ಹೌದು. ಇಂಥ ಕಟ್ಟಡದಲ್ಲಿ ಫ್ಲ್ಯಾಟ್ ಇದ್ದವರು ಇಲ್ಲದ ಕಾಗದಕ್ಕಾಗಿ ಸುಮ್ನೆ ಓಡಾಡಬೇಕಿಲ್ಲ. ಎತ್ತರ ಬರೆದಿರುವ ಮಂಜೂರಾದ ಪ್ಲ್ಯಾನ್ ಮತ್ತು ಓಸಿ ತೋರಿಸಿ, ಯಾಕೆ ಬೇಡ ಅಂತ ವಕೀಲರಿಗೆ ವಿವರಿಸಬೇಕು. ಎತ್ತರದ ಮಿತಿ ಕಾಲಕಾಲಕ್ಕೆ ಬದಲಾಗುತ್ತದೆ. ಹಾಗಾಗಿ ನಿಮ್ಮ ಪ್ಲ್ಯಾನ್ ಮಂಜೂರಾದಾಗ ಯಾವ ನಿಯಮ ಇತ್ತು ಅನ್ನೋದನ್ನೇ ಹಿಡಿದುಕೊಳ್ಳಿ.

ತೊಂದರೆ ಇರುವುದು ಪ್ಲ್ಯಾನಿನಲ್ಲಿ ಇಲ್ಲದ ಅಂತಸ್ತು ಮೇಲೆ ನಿಂತಾಗ. ಟೆರೇಸಿನ ಮೇಲೆ ಒಂದು ಪೆಂಟ್‌ಹೌಸ್ ಎದ್ದರೆ ಎತ್ತರವೂ ಮಿತಿ ದಾಟಬಹುದು, ಓಸಿಯೂ ಸಿಗದೇ ಹೋಗಬಹುದು. ಅಕ್ರಮ-ಸಕ್ರಮ ಬಂದರೆ ಎಲ್ಲ ಸರಿಹೋಗುತ್ತದೆ ಅಂತ ಬಹಳ ಜನ ಕಾದರು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಆ ಯೋಜನೆಗೆ ತಡೆ ಕೊಟ್ಟಿತು. ಯಾರೋ ಒಬ್ಬರು ಮೇಲೆ ಕಟ್ಟಿಕೊಂಡ ಮನೆಯಿಂದ ಎರಡನೇ ಮಹಡಿಯವರ ಮಾರಾಟ ನಿಲ್ಲುತ್ತದೆ. ಇದು ನನಗೆ ಅನ್ಯಾಯ ಅನಿಸುತ್ತದೆ. ಆದರೆ ಓಸಿ ಕೊಡುವುದು ಇಡೀ ಕಟ್ಟಡಕ್ಕೆ.

ಎತ್ತರದ ಕಟ್ಟಡಗಳ ಕಥೆ 2010ರಲ್ಲಿ ತಿರುವು ತೆಗೆದುಕೊಂಡಿತು. ಆ ವರ್ಷ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿತ್ತು. ಒಂಬತ್ತು ಜನ ಸತ್ತರು. ಹೊಗೆಗೆ ಉಸಿರು ಕಟ್ಟಿ ಕಿಟಕಿಯಿಂದ ಹಾರಿದವರೂ ಅವರಲ್ಲಿದ್ದರು. 2011ರಲ್ಲಿ ಸರ್ಕಾರ ಆದೇಶ ಹೊರಡಿಸಿತು. ಎತ್ತರದ ಕಟ್ಟಡಗಳ ಅಗ್ನಿ ಸುರಕ್ಷತೆಯ ಪ್ರಮಾಣಪತ್ರವನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕು ಅಂತಾಯಿತು. ಅಲ್ಲಿಯವರೆಗೆ ಫೈರ್ ಕಾಗದ ಅಂದರೆ ಬಿಲ್ಡರ್ ಕೆಲಸ, ಕಟ್ಟುವಾಗ ಒಮ್ಮೆ ಮುಗಿಸಿ ಬಿಡುವಂಥದ್ದು. ನವೀಕರಣ ಬಂದ ಮೇಲೆ ಹೊಣೆ ಕಟ್ಟಡದಲ್ಲಿ ಇರುವವರ ಮೇಲೆ, ಅಂದರೆ ಅಸೋಸಿಯೇಷನ್ ಮೇಲೆ ಬಂತು. ಅಸೋಸಿಯೇಷನ್ ಮೀಟಿಂಗ್‌ಗಳು ಹೇಗೆ ನಡೆಯುತ್ತವೆ ಅಂತ ಗೊತ್ತಲ್ವಾ? ನೀರಿನ ಟ್ಯಾಂಕರ್, ಲಿಫ್ಟ್ ರಿಪೇರಿ, ಪಾರ್ಕಿಂಗ್ ಜಗಳದಲ್ಲೇ ಹೊತ್ತು ಹೋಗುತ್ತದೆ. ಫೈರ್ ಪಂಪ್ ಕೊನೆಯದಾಗಿ ಯಾವಾಗ ಓಡಿಸಿದ್ದರು ಅಂತ ಕೇಳಿದರೆ ಎಲ್ಲರೂ ವಾಚ್‌ಮನ್ ಮುಖ ನೋಡುತ್ತಾರೆ.

ಮಾರುವವರು ಜಾಸ್ತಿ ಮೋಸ ಹೋಗುವುದು ಇನ್ನೊಂದು ಕಡೆ. ಅಗ್ನಿಶಾಮಕ ಇಲಾಖೆಯಿಂದ ಬರುವುದು ಒಂದೇ ಕಾಗದವಲ್ಲ. ಮೊದಲು ಬರುವುದು ಎನ್‌ಓಸಿ. ಈ ಪ್ಲ್ಯಾನಿನಂತೆ, ಈ ಷರತ್ತುಗಳಂತೆ ಕಟ್ಟಿದರೆ ನಮ್ಮ ಆಕ್ಷೇಪ ಇಲ್ಲ ಅಂತ ಇಲಾಖೆ ಕಟ್ಟುವ ಮುಂಚೆ ಹೇಳುವ ಮಾತು ಅದು. ಕಟ್ಟಿ ಮುಗಿದ ಮೇಲೆ ಅಧಿಕಾರಿಗಳು ಬಂದು, ಮೆಟ್ಟಿಲು, ನೀರಿನ ಟ್ಯಾಂಕ್, ಪಂಪ್, ಹೋಸ್ ಪೈಪ್ ನೋಡಿ ಕೊಡುವುದು ಕ್ಲಿಯರೆನ್ಸ್ ಸರ್ಟಿಫಿಕೇಟ್. ಅದರ ಮೇಲೆ ಬರುವುದು ನವೀಕರಣ. ಬಿಲ್ಡರ್ ಫೈಲಿನಲ್ಲಿ ಸುಲಭವಾಗಿ ಸಿಗುವುದು ಮೊದಲನೆಯದು. ಏಜೆಂಟ್ ಅದನ್ನೇ ತೋರಿಸಿ “ಎಲ್ಲಾ ಕ್ಲಿಯರ್ ಐತ್ರಿ” ಅನ್ನುತ್ತಾನೆ. ಆದರೆ ಆ ಕಾಗದ ಹುಟ್ಟಿದಾಗ ಕಟ್ಟಡವೇ ಇರಲಿಲ್ಲ. ಮರುಮಾರಾಟಕ್ಕೆ ಬೆಲೆ ಇರುವುದು ಎರಡನೆಯದಕ್ಕೆ ಮತ್ತು ಅದರ ಮೇಲಿನ ತಾರೀಖಿಗೆ. ಇನ್ನೊಂದು ವಿಷಯ. ನಿಮ್ಮೊಂದು ಫ್ಲ್ಯಾಟ್‌ಗೆ ಮಾತ್ರ ಫೈರ್ ಎನ್‌ಓಸಿ ಮಾಡಿಸಿಕೊಡ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಇದೂ ಇಡೀ ಕಟ್ಟಡದ ಕಾಗದ.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆ ಬಿಲ್ಡರ್ ಕೈಯಲ್ಲಿದ್ದ ಫೈಲನ್ನು ಹೊರಗೆ ತಂದಿತು. ಓಸಿ ಪಡೆಯುವ ಹೊಣೆ ಬಿಲ್ಡರ್‌ದು, ದಾಖಲೆ ಮತ್ತು ಪ್ಲ್ಯಾನ್‌ಗಳನ್ನು ಅಸೋಸಿಯೇಷನ್‌ಗೆ ಒಪ್ಪಿಸುವುದೂ ಅವರದೇ ಅಂತ ಅದು ಬರೆಯಿತು. ಅದಕ್ಕಿಂತ ಮುಂಚೆ ಮುಗಿದ ಕಟ್ಟಡಗಳಿಗೆ ಈ ಬಲ ಇಲ್ಲ. 2019ರ ಮಾರ್ಚ್ 19ರಂದು ಧಾರವಾಡದ ಕುಮಾರೇಶ್ವರ ನಗರದಲ್ಲಿ ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಸತ್ತರು. ಅದು ಬೆಂಕಿಯ ದುರಂತವಲ್ಲ. ಆದರೂ ಇದನ್ನು ಯಾರು ನೋಡಿ ಒಪ್ಪಿದ್ದರು ಅನ್ನುವ ಪ್ರಶ್ನೆ ಅಲ್ಲೂ ಇದೇ.

ಇಷ್ಟು ಕಾನೂನು ಮಾಡದ ಕೆಲಸವನ್ನು ಈಗ ಬ್ಯಾಂಕ್ ಮಾಡುತ್ತಿದೆ ಅನ್ನೋದು ನನ್ನ ಅಂದಾಜು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಉತ್ತರ ಪ್ರದೇಶದ ಒಂದು ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಓಸಿ ನೋಡದೆ ಕರೆಂಟು, ನೀರಿನ ಕನೆಕ್ಷನ್ ಕೊಡಬಾರದು, ಓಸಿ ಪರಿಶೀಲಿಸದೆ ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡಬಾರದು ಅಂತ ಇಡೀ ದೇಶಕ್ಕೆ ಹೇಳಿತು. ಎತ್ತರದ ಕಟ್ಟಡಕ್ಕೆ ಓಸಿ ಬೇಕೆಂದರೆ ಫೈರ್ ಕ್ಲಿಯರೆನ್ಸ್ ಬೇಕು. ಹಾಗಾಗಿ ವಕೀಲರು ಎರಡನ್ನೂ ಒಟ್ಟಿಗೇ ಕೇಳುತ್ತಾರೆ.

ಬ್ರಿಟನ್ನಿನಲ್ಲೂ ಹೀಗೇ ಆಯಿತು. 2017ರ ಜೂನ್ 14ರಂದು ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಜನ ಸತ್ತರು. ಹೊರಗೋಡೆಗೆ ಹಾಕಿದ್ದ ಹೊದಿಕೆಯೇ ಬೆಂಕಿ ಹರಡಿತ್ತು. 2019ರ ಡಿಸೆಂಬರ್‌ನಲ್ಲಿ ಅಲ್ಲಿನ ಆಸ್ತಿ ಮೌಲ್ಯಮಾಪಕರ ಸಂಸ್ಥೆ ಮತ್ತು ಸಾಲ ಕೊಡುವವರು ಸೇರಿ ಹೊರಗೋಡೆಯ ಅಗ್ನಿ ಸುರಕ್ಷತೆ ನೋಡಿ ಬರೆಯುವ ಇಡಬ್ಲ್ಯೂಎಸ್1 ಅನ್ನುವ ಫಾರ್ಮ್ ತಂದರು. ಅದು ಕಾನೂನಲ್ಲ. ಆದರೆ ಅದಿಲ್ಲದೆ ಸಾಲ ಸಿಗದಂತಾಯಿತು. ಮೌಲ್ಯಮಾಪಕರು ಕೆಲವು ಫ್ಲ್ಯಾಟ್‌ಗಳಿಗೆ ಸೊನ್ನೆ ಬೆಲೆ ಬರೆದರು. ಮೊದಲು 18 ಮೀಟರ್ ಮೇಲಿನವಕ್ಕೆ ಅಂತ ಶುರುವಾದದ್ದು ಆಮೇಲೆ ಸಣ್ಣ ಕಟ್ಟಡಗಳಿಗೂ ಹಬ್ಬಿತು. ನಮ್ಮಲ್ಲೂ ಕೆಲವು ವಕೀಲರು ಮೂರಂತಸ್ತಿನ ಕಟ್ಟಡಕ್ಕೂ ಫೈರ್ ಎನ್‌ಓಸಿ ಕೇಳುವುದನ್ನು ನೋಡಿದರೆ ಅದೇ ದಾರಿ ಅನಿಸುತ್ತದೆ.

ಮಾರುವ ಯೋಚನೆ ಇದ್ದರೆ ಸಂಚಕಾರಕ್ಕೆ ಮುಂಚೆಯೇ ಪಾಲಿಕೆಯ ನಗರ ಯೋಜನಾ ವಿಭಾಗದಿಂದ ಮಂಜೂರಾದ ಪ್ಲ್ಯಾನ್ ಮತ್ತು ಓಸಿಯ ದೃಢೀಕೃತ ಪ್ರತಿ ತೆಗೆಸಿ. ಸುಲಭವಾಗಿ ಸಿಗದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ, 30 ದಿನದೊಳಗೆ ಉತ್ತರ ಕೊಡಬೇಕು. ನವೀಕರಣ ಬಾಕಿ ಇದ್ದರೆ ಅಸೋಸಿಯೇಷನ್ ಹೆಸರಲ್ಲಿ ಅರ್ಜಿ ಹೋಗಬೇಕು. ಅದಕ್ಕೂ ಮುಂಚೆ ಟೇಪ್ ಹಿಡಿದು ಗೇಟ್ ಅಳೆಯಿರಿ. ಎತ್ತರದ ಕಟ್ಟಡಕ್ಕೆ ಅಗ್ನಿಶಾಮಕ ವಾಹನ ಒಳಗೆ ಬರಲು ನಿಯಮದಲ್ಲಿ ಹೇಳಿದಷ್ಟು ಅಗಲ ಇರಬೇಕು. ಗೇಟಿನ ಮೇಲೆ ಚೆಂದಕ್ಕೆ ಕಮಾನು ಕಟ್ಟಿದ್ದರೆ ಅದರ ಕೆಳಗೂ ವಾಹನ ಹಾಯುವಷ್ಟು ಎತ್ತರ ಬಿಡಬೇಕು. ಸಂಚಕಾರ ಪತ್ರದಲ್ಲಿ ಯಾವ ಕಾಗದವನ್ನು ಯಾರು, ಯಾವ ತಾರೀಖಿನೊಳಗೆ ತರಬೇಕು, ತರದಿದ್ದರೆ ಮುಂಗಡ ಯಾರಿಗೆ ಅಂತ ಬರೆಸಿಕೊಳ್ಳಿ.