ಮೊದಲು ಆ ಮೂರಂಕಿ ಹೇಳಿ

ನ್ಯೂಸ್‌ಗ್ರೂಪ್ (ಯೂಸ್‌ನೆಟ್ ಎಂಬ ಜಾಲದಲ್ಲಿ ಒಂದೊಂದು ವಿಷಯಕ್ಕೆ ಜನ ಬರೆದು ಚರ್ಚಿಸುವ ಗುಂಪು) ತೆರೆಯುತ್ತಿಲ್ಲ ಎಂದು ಯಾರೇ ಬಂದರೂ ನಾನು ಮೊದಲು ಕೇಳುವುದು ಒಂದೇ: ಎರರ್ ಜೊತೆ ಬಂದ ಮೂರಂಕಿ ಎಷ್ಟು? ಬಹಳ ಜನ ಅದನ್ನು ನೋಡಿರುವುದೇ ಇಲ್ಲ. ಓಕೆ ಒತ್ತಿ, ಸಾಫ್ಟ್‌ವೇರ್ ತೆಗೆದು ಮತ್ತೆ ಹಾಕಿ, ಪಾಸ್‌ವರ್ಡ್ ಬದಲಿಸಿ, ಸುಸ್ತಾಗಿ ಬಂದಿರುತ್ತಾರೆ.

ಯೂಸ್‌ನೆಟ್ 1979ರಲ್ಲಿ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್ ಅವರಿಗೆ ಹೊಳೆದದ್ದು. ಅದಕ್ಕೆ ಒಡೆಯ ಇಲ್ಲ. ಒಂದು ಸರ್ವರ್ ತನಗೆ ಬಂದ ಬರಹವನ್ನು ಪಕ್ಕದ ಸರ್ವರ್‌ಗೆ ದಾಟಿಸುತ್ತದೆ, ಅಷ್ಟೇ. ಈ ಸರ್ವರ್‌ಗಳ ಮಾತಿಗೆ 1986ರಲ್ಲಿ ಎನ್‌ಎನ್‌ಟಿಪಿ ಎಂಬ ನಿಯಮ ಬಂತು. ಏನು ಕೇಳಿದರೂ ಉತ್ತರ ಶುರುವಾಗುವುದು ಮೂರಂಕಿಯಿಂದಲೇ.

200 ಬಂದರೆ ಓದಬಹುದು, ಬರೆಯಬಹುದು. 201 ಅಂದರೆ ಬರೀ ಓದಬಹುದು. 480 ಎಂದರೆ ಲಾಗಿನ್ ಆಗಿ ಎಂದರ್ಥ, ನಿಮ್ಮ ಪಾಸ್‌ವರ್ಡ್ ತಪ್ಪು ಎಂದಲ್ಲ. ತಪ್ಪಾಗಿದ್ದರೆ 481 ಬರುತ್ತದೆ. 502 ಸ್ವಲ್ಪ ತಲೆನೋವಿನದು. ಅನುಮತಿ ಇಲ್ಲ ಎಂದು ಅದರ ಅರ್ಥ, ಆದರೆ ಒಂದೇ ಸಲಕ್ಕೆ ಜಾಸ್ತಿ ಕನೆಕ್ಷನ್ ತೆರೆದಾಗಲೂ ಹಲವು ಸರ್ವರ್‌ಗಳು ಇದನ್ನೇ ಕಳಿಸುತ್ತವೆ. ಸೆಟ್ಟಿಂಗ್‌ನಲ್ಲಿ ಕನೆಕ್ಷನ್ ಕಡಿಮೆ ಮಾಡಿ, ಹತ್ತು ನಿಮಿಷ ಸುಮ್ನೆ ಬಿಡಿ. ಅರ್ಧಕ್ಕೆ ಕಡಿದುಹೋದ ಹಳೆಯ ಕನೆಕ್ಷನ್‌ಗಳನ್ನೂ ಸರ್ವರ್ ಇನ್ನೂ ಲೆಕ್ಕಕ್ಕೆ ಹಿಡಿದಿರುತ್ತದೆ.

ಅಂಕಿಯೇ ಬರದೆ ಸುತ್ತುತ್ತಲೇ ಇದ್ದರೆ ಸೆಟ್ಟಿಂಗ್‌ನಲ್ಲಿ ಪೋರ್ಟ್, ಅಂದರೆ ಸರ್ವರ್‌ಗೆ ಸೇರುವ ಬಾಗಿಲಿನ ಸಂಖ್ಯೆ, ನೋಡಿ. ಎನ್‌ಕ್ರಿಪ್ಷನ್ ಇದ್ದರೆ 563, ಇಲ್ಲದಿದ್ದರೆ 119. ಒಂದಕ್ಕೆ ಟಿಕ್ ಹಾಕಿ ಇನ್ನೊಂದರ ಪೋರ್ಟ್ ಬಿಟ್ಟಿರುವುದೇ ಜಾಸ್ತಿ.

ಯಾವ ಅಂಕಿಯೂ ಬಾಯಿಬಿಡದ ತೊಂದರೆ ಒಂದಿದೆ. 2024ರ ಫೆಬ್ರವರಿ 22ರಿಂದ, ಬ್ರೌಸರ್‌ನಲ್ಲೇ ನ್ಯೂಸ್‌ಗ್ರೂಪ್ ಓದಲು ಬಳಸುತ್ತಿದ್ದ ಗೂಗಲ್ ಗ್ರೂಪ್ಸ್‌ನಲ್ಲಿ ಯೂಸ್‌ನೆಟ್‌ನ ಹೊಸ ಬರಹ ನಿಂತುಹೋದ ಮೇಲೆ ಎಷ್ಟೋ ಜನ ಸರ್ವರ್ ಹುಡುಕಿಕೊಂಡು ಹೊರಟರು. ಒಂದು ಹಿಡಿಸದೆ ಇನ್ನೊಂದಕ್ಕೆ ಹೋದವರೂ ಇದ್ದಾರೆ. ಅಂಥ ಒಬ್ಬರು ಹಳೆಯ ಖಾತೆಯಲ್ಲೇ ಸರ್ವರ್ ಹೆಸರು ಮಾತ್ರ ತಿದ್ದಿದ್ದರು. ಲಾಗಿನ್ ಸರಿ, ಗ್ರೂಪ್ ಇದೆ, ಆದರೆ ಹೊಸ ಬರಹ ಒಂದೂ ಇಲ್ಲ. ಗ್ರೂಪ್ ಸತ್ತೇಹೋಯಿತು ಅಂದುಕೊಂಡಿದ್ದರು ಪಾಪ!

ವಿಷಯ ಇಷ್ಟೇ. ಗ್ರೂಪಿನ ಬರಹಗಳಿಗೆ ಪ್ರತಿ ಸರ್ವರ್ ತನ್ನದೇ ಕ್ರಮಸಂಖ್ಯೆ ಕೊಡುತ್ತದೆ. ಅವರ ರೀಡರ್ ಪ್ರೋಗ್ರಾಂ 48,210ರವರೆಗೆ ಓದಿಯಾಗಿದೆ ಎಂದು ಬರೆದಿಟ್ಟುಕೊಂಡಿತ್ತು. ಹೊಸ ಸರ್ವರ್‌ನಲ್ಲಿ ಎಣಿಕೆ 9,300ಕ್ಕೇ ನಿಂತಿತ್ತು. ಹಾಗಾದರೆ ಎಲ್ಲ ಓದಿದ್ದೇ ಅಲ್ವಾ, ಎಂದು ಪ್ರೋಗ್ರಾಂ ಸುಮ್ಮನಾಗಿತ್ತು. ಹಳೆಯ ಖಾತೆ ಹಾಗೇ ಬಿಟ್ಟು, ಹೊಸ ಸರ್ವರ್‌ಗೆ ಹೊಸ ಖಾತೆ ಮಾಡಿಸಿದೆ. ಬರಹಗಳೆಲ್ಲ ಬಂದವು.

ಎಲ್ಲ ಸರ್ವರ್‌ನಲ್ಲೂ ಒಂದೇ ಆಗಿರುವುದು ಮೆಸೇಜ್ ಐಡಿ, ಅಂದರೆ ಪ್ರತಿ ಬರಹಕ್ಕೂ ಇರುವ ಅದರದೇ ಗುರುತು. ಅದನ್ನು ಕೊಟ್ಟು ಕೇಳಿದಾಗ 430 ಬಂದರೆ ಆ ಬರಹ ಈ ಸರ್ವರ್‌ನಲ್ಲಿಲ್ಲ ಎಂದರ್ಥ. ಅವಧಿ ಮುಗಿದಿರಬಹುದು, ತೆಗೆದುಹಾಕಿರಬಹುದು, ಬಂದೇ ಇಲ್ಲದಿರಬಹುದು. ಬೇರೆ ಸರ್ವರ್‌ನಲ್ಲಿ ಅದೇ ಐಡಿ ಹಾಕಿ ನೋಡಿ.

ನೀವು ಬರೆದದ್ದೇ ಕಾಣದಿದ್ದರೆ? 441 ಬಂದಿದ್ದರೆ ಸರ್ವರ್ ತಿರಸ್ಕರಿಸಿದೆ, ಕಾರಣ ಸಾಮಾನ್ಯವಾಗಿ ಪಕ್ಕದಲ್ಲೇ ಇರುತ್ತದೆ. 240 ಬಂದಿದ್ದರೆ ತಲುಪಿದೆ. ಮಾಡರೇಟರ್ ಇರುವ ಗ್ರೂಪ್ ಆದರೆ ಅವರು ಓದಿ ಬಿಡುವವರೆಗೆ ಕಾಯಬೇಕು. ಎರಡನೇ ಸಲ ಕಳಿಸಬೇಡಿ. ಕಳಿಸಿ ನೋಡಲೇಬೇಕೆಂದರೆ ಅದಕ್ಕೆಂದೇ ಮಿಸ್ಕ್ ಡಾಟ್ ಟೆಸ್ಟ್ (misc.test) ಎಂಬ ಗ್ರೂಪ್ ಇದೆ.